ಆಪ್ತಸಲಹೆ ಪ್ರಕರಣ: “ನೀವು ಯಾರಿಗಮ್ಮ ವೋಟು ಹಾಕೋದು?”

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬಂದವರು 26 ವರ್ಷದ ಯುವತಿ. ಬೆಂಗಳೂರಿನ ಕಾಲ್ ಸೆಂಟರ್ ಒಂದರಲ್ಲಿ ಬ್ರಾಡ್‌ಬ್ಯಾಂಡ್ ಗ್ರಾಹಕರ ಕನ್ನಡ ಕರೆಗಳನ್ನು ತೆಗೆದುಕೊಳ್ಳುತ್ತಾರೆ. 2024ರ ಲೋಕಸಭಾ ಚುನಾವಣೆಯ ಸಮಯ. ಬಿಲ್ ಜಾಸ್ತಿ ಬಂದಿದೆ ಎಂದು ಶುರುಮಾಡಿದ ಗ್ರಾಹಕರೊಬ್ಬರು ಸರ್ಕಾರವನ್ನು ಬೈದು, ಕೊನೆಗೆ “ನೀವು ಯಾರಿಗಮ್ಮ ವೋಟು ಹಾಕೋದು?” ಎಂದು ಕೇಳಿದರು. ಈಕೆ ಹೇಳದಿದ್ದಾಗ “ಹೆಸರು ಕೇಳಿದ್ರೇ ಗೊತ್ತಾಗುತ್ತೆ ಬಿಡಿ” ಎಂದರು. ಮುಂದಿನ ಆರು ನಿಮಿಷ ಬರೀ ವಾದ. ದೂರು ಹೋಯಿತು. ಕರೆಗಳನ್ನು ಕೇಳಿ ಅಂಕ ಕೊಡುವ ಕ್ವಾಲಿಟಿಯವರು ಕರೆಗೆ ‘ಫೇಟಲ್’ (ಮನ್ನಿಸಲಾಗದ ತಪ್ಪು) ಹಾಕಿದರು. ಉಳಿದದ್ದೆಲ್ಲ ಸರಿಯಿದ್ದರೂ ಅಂಕ ಸೊನ್ನೆ. ಆ ತಿಂಗಳ ಇನ್ಸೆಂಟಿವ್ ಕೈತಪ್ಪಿತು, ಕಾರಣ ಕೇಳಿ ನೋಟಿಸೂ ಬಂತು.

ಈಗ ಹೆಡ್‌ಸೆಟ್‌ನಲ್ಲಿ ಕರೆ ಬರುವ ಬೀಪ್ ಕೇಳಿದರೆ ಅಂಗೈ ಬೆವರುತ್ತದೆ, ರಾತ್ರಿ ಅದೇ ಕರೆ ತಲೆಯಲ್ಲಿ ತಿರುಗುತ್ತದೆ. “ಮಾತಾಡಿದ್ರೆ ಕೆಲಸ ಹೋಗುತ್ತೆ, ಸುಮ್ನಿದ್ರೆ ನನ್ ಮೇಲೇ ನನಗೆ ಅಸಹ್ಯ ಆಗುತ್ತೆ” ಎಂದರು.

ರಾಜಕೀಯ ನಂಬಿಕೆ ಕಾಯಿಲೆಯಲ್ಲ, ಅದನ್ನು ಕಡಿಮೆ ಮಾಡುವ ಸಲಹೆಯನ್ನು ಯಾರೂ ಕೊಡಬಾರದು. ಇಲ್ಲಿ ಮೊದಲು ಬೇರ್ಪಡಿಸಬೇಕಾಗಿದ್ದದ್ದು ಎರಡು ಸಂಗತಿ. ವೋಟಿನ ಪ್ರಶ್ನೆ ಕಿರಿಕಿರಿ; ಹೆಸರಿನಿಂದ ಜಾತಿ ಅಳೆದದ್ದು ಅವಮಾನ. ಆಕೆಗೆ ನಾಟಿದ್ದು ಎರಡನೆಯದು, ಆಕೆ ಉತ್ತರ ಕೊಟ್ಟದ್ದು ಮೊದಲನೆಯದಕ್ಕೆ. ಅಭಿಪ್ರಾಯ ಕೆದಕಿದರೆ ಮಾತು ತಿರುಗಿಸಬೇಕು. ಅವಮಾನ ಮಾಡಿದರೆ ತಿರುಗಿಸುತ್ತ ಕೂರದೆ ಟಿಎಲ್‌ಗೆ (ಟೀಮ್ ಲೀಡರ್) ಕರೆ ವರ್ಗಾಯಿಸಬೇಕು, ಗ್ರಾಹಕರು ಆಡಿದ ಪದಗಳನ್ನೇ ರಿಮಾರ್ಕ್ಸ್‌ನಲ್ಲಿ ಬರೆಯಬೇಕು.

ಮಾತು ತಿರುಗಿಸಲು ಮೂರು ವಾಕ್ಯ ಕಲಿಸಿ, ಜೋರಾಗಿ ಹೇಳಿಸಿದೆವು: “ಬಿಲ್ ಜಾಸ್ತಿ ಬಂದ್ರೆ ಬೇಜಾರಾಗೋದು ಸಹಜ ಸರ್. ರಾಜಕೀಯದ ಬಗ್ಗೆ ನಾನು ಈ ಲೈನ್‌ನಲ್ಲಿ ಮಾತಾಡಲ್ಲ. ಬಿಲ್‌ನಲ್ಲಿರೋ ಅಕೌಂಟ್ ನಂಬರಿನ ಕೊನೆಯ ನಾಲ್ಕು ಅಂಕಿ ಹೇಳ್ತೀರಾ?” ಕೊನೆಗೆ ಅಂಕಿ ಕೇಳುವುದಕ್ಕೆ ಕಾರಣವಿದೆ. ಬಿಲ್ ಹುಡುಕಿ ಓದಬೇಕಾದಾಗ ವಾದದ ಎಳೆ ತುಂಡಾಗುತ್ತದೆ. ಎರಡು ಸಲ ಹೇಳಿ, ಮೂರನೇ ಸಲಕ್ಕೆ ಟಿಎಲ್.

ಎಡವುವುದು ಸಣ್ಣ ಪದಗಳಲ್ಲಿ. ರೂಢಿಯಿಂದ ಬರುವ “ಹೌದು ಸರ್, ಹೌದು ಸರ್” ಎಂಬ ಹೂಂಗುಟ್ಟುವಿಕೆ ಆ ಕಡೆಯವರಿಗೆ ಒಪ್ಪಿಗೆಯಂತೆ ಕೇಳಿಸುತ್ತದೆ, ರೆಕಾರ್ಡೂ ಆಗುತ್ತದೆ. ಅದರ ಬದಲು “ಕೇಳಿಸ್ತಿದೆ ಸರ್” ಸಾಕು. “ಕಂಪನಿ ರೂಲ್ಸ್ ಒಪ್ಪಲ್ಲ” ಅಂದರೆ “ಅಂದ್ರೆ ನಿಮಗೂ ಹೇಳೋಕಿದೆ!” ಎಂದು ಇನ್ನಷ್ಟು ಕೆಣಕುತ್ತಾರೆ. ಮ್ಯೂಟ್ ಒತ್ತಿ ಒಮ್ಮೆ ನಿಧಾನಕ್ಕೆ ಉಸಿರು ಬಿಡಬಹುದು, ಬೈಯಬಾರದು. ಮ್ಯೂಟ್‌ನಲ್ಲಿದ್ದರೂ ನಮ್ಮ ಕಡೆಯ ದನಿ ರೆಕಾರ್ಡ್ ಆಗುವ ವ್ಯವಸ್ಥೆಗಳಿವೆ.

ನೋಟಿಸಿಗೆ ಉತ್ತರ ಒಂದು ಪುಟ ಮೀರದಿರಲಿ ಎಂದೆವು. ಕರೆಯ ದಿನಾಂಕ, ಸಮಯ, ಗ್ರಾಹಕರು ಹೆಸರಿನ ಬಗ್ಗೆ ಆಡಿದ ಮಾತು, “ಪೂರ್ತಿ ರೆಕಾರ್ಡಿಂಗ್ ಕೇಳಬೇಕು” ಎಂಬ ಕೋರಿಕೆ. ಲೈನ್‌ನಲ್ಲಿ ವಾದಕ್ಕಿಳಿದದ್ದಕ್ಕೆ ಒಂದೇ ವಾಕ್ಯದ ವಿಷಾದ. ನಂಬಿಕೆಗೆ ಕ್ಷಮೆ ಬೇಡ, ಪಕ್ಷದ ಹೆಸರೂ ಬೇಡ. ಆಕೆ ತಂದ ಮೊದಲ ಕರಡು ನಾಲ್ಕು ಪುಟವಿತ್ತು, ಅರ್ಧಕ್ಕರ್ಧ ರಾಜಕೀಯ ವಿಶ್ಲೇಷಣೆ. ಅದನ್ನು ಹರಿಯಬೇಡಿ, ಮನೆಯಲ್ಲಿಡಿ ಎಂದೆವು. ಆ ಮಾತುಗಳಿಗೂ ಜಾಗ ಬೇಕು.

“ನನಗೆ ವಾಕ್ ಸ್ವಾತಂತ್ರ್ಯ ಇಲ್ವಾ?” ಎಂದು ಕೇಳಿದರು. ಇದೆ. ಆದರೆ ಸಂವಿಧಾನದ 19(1)(ಎ) ವಿಧಿಯನ್ನು ಮುಖ್ಯವಾಗಿ ಸರ್ಕಾರದ ವಿರುದ್ಧ ಹಿಡಿಯಬಹುದು. ಖಾಸಗಿ ಕಂಪನಿಯೊಳಗೆ ಮೊದಲು ನೋಡಬೇಕಾದದ್ದು ನೇಮಕಾತಿ ಪತ್ರ, ಅದರಲ್ಲೂ ಸೋಷಿಯಲ್ ಮೀಡಿಯಾ ಷರತ್ತು. ಆಕೆಯ ವಾಟ್ಸಾಪ್ ಸ್ಟೇಟಸ್‌ನಲ್ಲಿ ಪಕ್ಷದ ಬಾವುಟದ ಜೊತೆ ಕೊರಳಲ್ಲಿ ಕಂಪನಿ ಐಡಿ ಕಾರ್ಡ್ ಕಾಣುತ್ತಿತ್ತು. ಬಾವುಟ ಇರಲಿ, ಐಡಿ ಕಾರ್ಡ್ ಇರುವ ಫೋಟೊ ತೆಗೆಯಿರಿ ಎಂದೆವು. ರಜೆಯ ದಿನ ಪಕ್ಷದ ಸಭೆಗೆ ಹೋಗುವುದನ್ನು ಬಿಡಬೇಕಿಲ್ಲ, ಹೋಗುವುದೇ ಒಳ್ಳೆಯದು. ಹೊರಗೆ ಮಾತಾಡುವವರಿಗೆ ಲೈನ್‌ನಲ್ಲಿ ಸುಮ್ಮನಿರುವುದು ಸೋಲು ಅನ್ನಿಸುವುದು ಕಡಿಮೆ.

ಮತದಾನದ ದಿನ, ಏಪ್ರಿಲ್ 26ರಂದು, ಅರ್ಧ ದಿನ ಲಾಗಿನ್ ಆಗಬೇಕೆಂದು ಟಿಎಲ್ ಹೇಳಿದ್ದರಂತೆ. ಪ್ರಜಾಪ್ರತಿನಿಧಿ ಕಾಯ್ದೆ, 1951ರ 135ಬಿ ಕಲಂ ಪ್ರಕಾರ ಖಾಸಗಿ ನೌಕರರಿಗೂ ಆ ದಿನ ಸಂಬಳ ಸಹಿತ ರಜೆ. ಗೈರಾದರೆ ಅಪಾಯ ಅಥವಾ ಭಾರಿ ನಷ್ಟವಾಗುವ ಕೆಲಸಗಳಿಗೆ ಮಾತ್ರ ವಿನಾಯಿತಿ. ಇಂಥದ್ದನ್ನು ಎಚ್‌ಆರ್‌ಗೆ ಇಮೇಲ್‌ನಲ್ಲೇ ಕೇಳಬೇಕು, ಬಾಯಿಮಾತಿನಲ್ಲಲ್ಲ.

ನಿದ್ದೆಗೆ: ಗ್ರಾಹಕರಿಗೆ ಕೊಡಬೇಕೆಂದಿದ್ದ ಉತ್ತರವನ್ನು ಸಂಜೆ 15 ನಿಮಿಷ ಕಾಗದದ ಮೇಲೆ ಬರೆದು ಮಡಚಿಡುವುದು, ಹಾಸಿಗೆಯ ಮೇಲೆ ಬರೆಯದಿರುವುದು.

ನಾಲ್ಕನೇ ಭೇಟಿಯ ಹೊತ್ತಿಗೆ ನೋಟಿಸ್ ಎಚ್ಚರಿಕೆಯಲ್ಲಿ ಮುಗಿದಿತ್ತು, ಇನ್ಸೆಂಟಿವ್ ವಾಪಸ್ ಬರಲಿಲ್ಲ. ನಿದ್ದೆ ಸುಧಾರಿಸಿದೆ, ಬೀಪ್‌ಗೆ ಬೆವರುವುದು ಪೂರ್ತಿ ಹೋಗಿಲ್ಲ. ಇನ್ನೊಂದು ತಿಂಗಳು ಹೀಗೇ ಇದ್ದರೆ ಮನೋವೈದ್ಯರನ್ನು ಕಾಣಬೇಕು. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416, ಕನ್ನಡದಲ್ಲೂ ಮಾತಾಡುತ್ತಾರೆ.