ಎಕ್ಸ್‌ಟರ್ನಲ್ ಡಿಸ್ಕ್ ಜೋಡಿಸಿದ್ದರೆ ಕಂಪ್ಯೂಟರ್ ಶುರುವಾಗುವುದೇ ಇಲ್ಲ, ಏಕೆ?

ಪ್ರಶ್ನೆ: ನನ್ನ ಹಳೆಯ ಡೆಸ್ಕ್‌ಟಾಪ್‌ಗೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸದಾ ಸಿಕ್ಕಿಸಿಯೇ ಇರುತ್ತದೆ. ಆನ್ ಮಾಡಿದಾಗ ಕೆಲವೊಮ್ಮೆ ಲೋಗೊ ಬಂದು ಅಲ್ಲೇ ನಿಲ್ಲುತ್ತದೆ. ಕೆಲವೊಮ್ಮೆ ಕಪ್ಪು ಪರದೆಯಲ್ಲಿ ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂದು ಬರುತ್ತದೆ. ಡಿಸ್ಕ್ ಕಿತ್ತರೆ ವಿಂಡೋಸ್ ಸರಾಗವಾಗಿ ಬರುತ್ತದೆ. ಡಿಸ್ಕ್ ಕೆಟ್ಟಿದೆಯೇ? ಫಾರ್ಮ್ಯಾಟ್ ಮಾಡಲೇ?

ಉತ್ತರ: ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ, ಇದ್ದ ಫೈಲುಗಳನ್ನೆಲ್ಲ ಕಳೆದುಕೊಳ್ಳುತ್ತೀರಿ. ನೀವು ಹೇಳಿದ ಎರಡು ಲಕ್ಷಣಗಳಿಗೆ ಕಾರಣ ಬೇರೆ ಬೇರೆ.

ಮೊದಲು ಆ ಸಂದೇಶ. ಅದು ಬಂದಿದೆ ಎಂದರೆ ಬಯೋಸ್ (ಆನ್ ಮಾಡಿದೊಡನೆ ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ನಿಮ್ಮ ಒಳಗಿನ ಡಿಸ್ಕನ್ನು ಬಿಟ್ಟು ಹೊರಗಿನದರಿಂದ ವಿಂಡೋಸ್ ಹುಡುಕಲು ಹೋಗಿದೆ. ಹಳೆಯ ಲೆಗಸಿ ವಿಧಾನದಲ್ಲಿ ಬಯೋಸ್ ಡಿಸ್ಕಿನ ಮೊದಲ ಸೆಕ್ಟರ್‌ನ 512 ಬೈಟ್‌ಗಳನ್ನು ಓದಿ, ಅದರ ಕೊನೆಯಲ್ಲಿ ಬೂಟ್ ಗುರುತು (ಇಲ್ಲಿಂದ ಕಂಪ್ಯೂಟರ್ ಶುರು ಮಾಡಬಹುದು ಎಂಬ ಸೂಚನೆ) ಕಂಡರೆ ಅಲ್ಲಿರುವ ಪುಟ್ಟ ಪ್ರೋಗ್ರಾಮ್‌ಗೆ ನಿಯಂತ್ರಣ ಒಪ್ಪಿಸುತ್ತದೆ. ವಿಂಡೋಸ್ ಇಲ್ಲದ, ಬರೀ ಫೋಟೊ ತುಂಬಿದ ಡಿಸ್ಕಿನಲ್ಲೂ ಆ ಗುರುತು ಇರಬಹುದು. ಅದರ ಪಾರ್ಟಿಷನ್ (ಡಿಸ್ಕಿನ ವಿಭಾಗ) ‘ಆ್ಯಕ್ಟಿವ್’, ಅಂದರೆ ಬೂಟ್ ಮಾಡಲೆಂದು ಗುರುತಿಸಿದ್ದು ಆಗಿದ್ದರೆ ಆ ಪ್ರೋಗ್ರಾಮ್ ವಿಂಡೋಸನ್ನು ಶುರು ಮಾಡುವ ಬೂಟ್ ಮ್ಯಾನೇಜರ್‌ಗಾಗಿ (ಅದೇ ‘ಬೂಟ್‌ಎಂಜಿಆರ್’) ತಡಕಾಡಿ, ಸಿಗದೆ, ಈ ಸಂದೇಶ ತೋರಿಸಿ ನಿಂತುಬಿಡುತ್ತದೆ. ಡಿಸ್ಕ್ ಕೆಟ್ಟಿರಬೇಕಿಲ್ಲ.

ಪರಿಹಾರ ಸುಲಭ. ಆನ್ ಮಾಡಿದೊಡನೆ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯೋಸ್‌ಗೆ ಹೋಗಿ (ಕೆಲವು ಮಾದರಿಗಳಲ್ಲಿ ಕೀ ಬೇರೆ, ಲೋಗೊ ಪರದೆಯ ಕೆಳಗೆ ಬರೆದಿರುತ್ತದೆ). ‘ಬೂಟ್’ ವಿಭಾಗದಲ್ಲಿ ಒಳಗಿನ ಡಿಸ್ಕನ್ನು ಮೊದಲ ಸ್ಥಾನಕ್ಕೆ ತನ್ನಿ. ‘ಹಾರ್ಡ್‌ಡಿಸ್ಕ್ ಪ್ರಯಾರಿಟಿ’ ಎಂಬ ಪ್ರತ್ಯೇಕ ಪಟ್ಟಿ ಇದ್ದರೆ ಅಲ್ಲೂ ಬದಲಿಸಿ. ಬಹಳ ಮಂದಿ ಮರೆಯುವುದು ಇದನ್ನೇ. ಡಿಸ್ಕ್ ಸಿಕ್ಕಿಸಿಟ್ಟೇ ಈ ಕೆಲಸ ಮಾಡಿ, ಇಲ್ಲವಾದರೆ ಅದು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಮೊದಲೇ ಕೈಯಲ್ಲಿರಲಿ, ಬಯೋಸ್ ಬದಲಾವಣೆಯ ನಂತರ ಅದನ್ನು ಕೇಳಬಹುದು.

ಒಂದು ಎಚ್ಚರಿಕೆ: ಸಿಟ್ಟಿನಲ್ಲಿ ಯುಎಸ್‌ಬಿ ಬೆಂಬಲವನ್ನೇ ಪೂರ್ತಿ ಆಫ್ ಮಾಡಬೇಡಿ. ಕೀಬೋರ್ಡೂ ಯುಎಸ್‌ಬಿಯದ್ದಾಗಿದ್ದರೆ ಬಯೋಸ್‌ಗೆ ಮರಳಿ ಹೋಗುವ ದಾರಿಯೇ ಮುಚ್ಚಬಹುದು.

ಲೋಗೊದಲ್ಲಿ ನಿಲ್ಲುವುದು ಇನ್ನೊಂದು ಕಥೆ. ಆ ಹಂತದಲ್ಲಿ ಬಯೋಸ್ ಪ್ರತಿ ಪೋರ್ಟಿನಲ್ಲೂ ಏನಿದೆ ಎಂದು ವಿಚಾರಿಸುತ್ತಿರುತ್ತದೆ. ಯಾವುದಾದರೂ ಉಪಕರಣ ಉತ್ತರ ಕೊಡಲು ತಡಮಾಡಿದರೆ ಕಾಯುತ್ತಲೇ ಇರುತ್ತದೆ. ಎರಡು ನಿಮಿಷ ಬಿಟ್ಟು ನೋಡಿ. ಆಮೇಲೆ ಮುಂದೆ ಹೋದರೆ ಇದೇ ಕಾರಣ. ಇನ್ನೊಂದು ಪರೀಕ್ಷೆಯೂ ಉಪಯುಕ್ತ: ಪೂರ್ತಿ ಆಫ್ ಮಾಡಿ ಆನ್ ಮಾಡಿದಾಗ ಮಾತ್ರ ನಿಲ್ಲುತ್ತದೆ, ರೀಸ್ಟಾರ್ಟ್ ಮಾಡಿದರೆ ಇಲ್ಲ ಎಂದಾದರೆ, ಡಿಸ್ಕ್ ತಿರುಗಲು ಶುರು ಮಾಡುವ ಕ್ಷಣದಲ್ಲಿ ವಿದ್ಯುತ್ ಸಾಲುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಯುಎಸ್‌ಬಿ 2.0 ಪೋರ್ಟ್‌ನಿಂದ ಸಿಗಬೇಕಾದದ್ದು 500 ಮಿಲಿಆಂಪಿಯರ್, 3.0ರಲ್ಲಿ 900. ತಿರುಗಲು ಆರಂಭಿಸುವಾಗ ಡಿಸ್ಕ್ ಎಳೆಯುವ ಕರೆಂಟ್ ಆಮೇಲಿನದಕ್ಕಿಂತ ಹೆಚ್ಚು. ಉದ್ದನೆಯ ಕೇಬಲ್, ಸ್ವಂತ ಅಡಾಪ್ಟರ್ ಇಲ್ಲದ ಹಬ್ ಇವೆಲ್ಲ ಇನ್ನಷ್ಟು ತೊಂದರೆ. ಗಿಡ್ಡ ಕೇಬಲ್ ಹಾಕಿ, ಹಿಂಬದಿಯ 3.0 ಪೋರ್ಟಿಗೆ ನೇರವಾಗಿ ಸಿಕ್ಕಿಸಿ.

ಆದರೂ ನಿಂತರೆ ಕೀಬೋರ್ಡ್, ಮೌಸ್ ಬಿಟ್ಟು ಎಲ್ಲವನ್ನೂ ಕಿತ್ತು, ಒಂದೊಂದನ್ನೇ ಸೇರಿಸುತ್ತಾ ಪ್ರತಿಸಲ ಆನ್ ಮಾಡಿ. ಕಾರ್ಡ್ ರೀಡರ್, ಪ್ರಿಂಟರ್ ಕೂಡ ಅಪರಾಧಿ ಆಗಿರುವುದುಂಟು. ಈ ಡಿಸ್ಕೇ ಬೇರೆ ಕಂಪ್ಯೂಟರಿನಲ್ಲೂ ತಡವಾಗಿ ಕಾಣಿಸಿಕೊಂಡರೆ ಅಥವಾ ಟಕ್ ಟಕ್ ಸದ್ದು ಮಾಡಿದರೆ ಅಂದೇ ಬ್ಯಾಕಪ್ ತೆಗೆಯಿರಿ.

ಪ್ರಶ್ನೆ: ‘ಯುಎಸ್‌ಬಿ ಓವರ್ ಕರೆಂಟ್’ ಎಂದು ತೋರಿಸಿ 15 ಸೆಕೆಂಡಿನಲ್ಲಿ ಕಂಪ್ಯೂಟರ್ ಆಫ್ ಆಗುತ್ತಿದೆ. ಎಲ್ಲ ಯುಎಸ್‌ಬಿ ಕಿತ್ತರೂ ಅದೇ ಪಾಡು.

ಉತ್ತರ: ಏನೂ ಸಿಕ್ಕಿಸದೆಯೂ ಬರುತ್ತಿದೆ ಎಂದರೆ ಪೋರ್ಟನ್ನೇ ನೋಡಬೇಕು. ಪ್ಲಗ್ ತೆಗೆದು, ಟಾರ್ಚ್ ಬಿಟ್ಟು ಪ್ರತಿ ಪೋರ್ಟಿನೊಳಗೆ ನೋಡಿ. ಬಾಗಿದ ಪಿನ್ ಹೊರಕವಚಕ್ಕೆ ತಾಗಿದ್ದರೆ 5 ವೋಲ್ಟ್ ಶಾರ್ಟ್ ಆಗುತ್ತದೆ. ಹೆಚ್ಚು ಏಟು ತಿನ್ನುವುದು ಮುಂಭಾಗದ ಪೋರ್ಟ್‌ಗಳು. ಕ್ಯಾಬಿನೆಟ್ ತೆರೆದು, ಅವುಗಳಿಂದ ಮದರ್‌ಬೋರ್ಡಿಗೆ ಬರುವ ಕೇಬಲ್‌ಗಳನ್ನು (2.0ಕ್ಕೆ 9 ಪಿನ್, 3.0ಕ್ಕೆ 19 ಪಿನ್) ಕಿತ್ತು ಆನ್ ಮಾಡಿ. ಸಂದೇಶ ಮಾಯವಾದರೆ ಮುಂಭಾಗದ ಪೋರ್ಟ್ ಅಥವಾ ಕೇಬಲ್ ಬದಲಿಸಿದರೆ ಸಾಕು. ಆಗಲೂ ಬಂದರೆ, ಹಿಂಬದಿಯ ಪೋರ್ಟ್‌ಗಳೂ ನೆಟ್ಟಗಿದ್ದರೆ, ದೋಷ ಮದರ್‌ಬೋರ್ಡಿನಲ್ಲಿದೆ. ಅದನ್ನು ರಿಪೇರಿಯವರಿಗೇ ಕೊಡಿ.