ಅಂಗೈ ಅಗಲದ ಬಟ್ಟೆ

(ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಧಾರವಾಡದ ಕಡೆಯ ಹೆಣ್ಣುಮಗಳು. ವಯಸ್ಸು 46. ಚಿಕ್ಕಂದಿನಿಂದ ಕಸೂತಿ ಹಾಕುತ್ತಾ ಬಂದವರು. ರಾತ್ರಿ ನಿದ್ದೆ ಬರುವುದಿಲ್ಲ ಎಂದು ನನ್ನ ಹತ್ತಿರ ಬಂದಿದ್ದರು. ಮಾತಾಡುತ್ತಾ ಹೋದಂತೆ ಚೀಲದಿಂದ ಚೌಕುಳಿ ಹಾಳೆಯ ಒಂದು ನೋಟ್‌ಬುಕ್ ಹೊರಗೆ ಬಂತು. ಗೋಪುರ, ತೇರು, ತುಳಸಿಕಟ್ಟೆ ಎಲ್ಲರೂ ಹಾಕುವಂಥವು. ಇವರು ಜೋಳದ ತೆನೆ, ಬೀಸುವ ಕಲ್ಲು, ರೊಟ್ಟಿ ಬುಟ್ಟಿ ಬರೆದುಕೊಂಡಿದ್ದರು. ಎರಡು ವರ್ಷದ ಚಿತ್ರಗಳು. ಒಂದಕ್ಕೂ ಸೂಜಿ ಹಚ್ಚಿರಲಿಲ್ಲ.

"ಬಂಗಾರ ಒತ್ತಿ ಇಟ್ಟು ಕಸೂತಿ ಹಾಕಾಕ ನಲವತ್ತು ಇಳಕಲ್ ಸೀರಿ ತರಬೇಕಂತ ಮಾಡೀನ್ರಿ ಮೇಡಮ್. ಆದ್ರ ಕೆಟ್ರ ಹೆಂಗ ಅಂತ ಎದಿ ಹೊಡ್ಕೊಳ್ತದ" ಎಂದರು.

ಧಾರವಾಡದ ಕಡೆಯ ಈ ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಒಂದು ಎಳೆ ತಪ್ಪಿದರೆ ಮುಂದಿನದೆಲ್ಲ ಸೊಟ್ಟ. ಹುಡುಗಿಯಾಗಿದ್ದಾಗ ಹಾಗೇ ಆಗಿತ್ತಂತೆ. "ಸೀರಿ ಹಾಳ ಮಾಡಿದಿ" ಎಂದ ಅವ್ವನ ಮಾತು ಇನ್ನೂ ಕಿವಿಯಲ್ಲಿದೆ. ಮನೆಯವರು ಇವರನ್ನು ಮೈಗಳ್ಳಿ ಅಂತಿದ್ದರು. ನನಗೆ ಹಾಗೆ ಕಾಣಲಿಲ್ಲ. ಒಂದು ತಪ್ಪಿಗೆ ಒಂದು ಇಡೀ ಸೀರೆ ಹೋಗುತ್ತದೆ ಅಂದರೆ ಯಾರ ಕೈ ತಾನೇ ಮುಂದೆ ಹೋಗುತ್ತದೆ?

ಸಾಲದ ಮಾತು ಮೂರು ತಿಂಗಳು ಬೇಡ ಎಂದೆ. ನಿದ್ದೆಯ ವಿಷಯಕ್ಕೆ ಒಮ್ಮೆ ಡಾಕ್ಟರನ್ನೂ ಕಾಣಲು ಹೇಳಿದೆ. ಆಮೇಲೆ ಕೆಲಸದ ಮಾತು: ಸೀರೆ ಮುಟ್ಟಬೇಡಿ. ಅಂಗೈ ಅಗಲದ ಮ್ಯಾಟಿ ಬಟ್ಟೆ (ಎಳೆ ಸುಲಭವಾಗಿ ಎಣಿಸಲು ಬರುವ ದಪ್ಪ ನೇಯ್ಗೆಯ ಬಟ್ಟೆ) ತಗೊಳ್ಳಿ. ಖರ್ಚು 50 ರೂಪಾಯಿ ದಾಟಬಾರದು, ಹೊತ್ತು ಎರಡು ತಾಸು ದಾಟಬಾರದು. ಶುರು ಮಾಡುವ ಮೊದಲು ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ. ಮುಗಿದ ಮೇಲೆ ಚೆಂದ, ಕೆಟ್ಟದ್ದು ಅಂತ ಬರೆಯದೆ ಕಣ್ಣಿಗೆ ಏನು ಕಂಡಿತೋ ಅಷ್ಟನ್ನೇ ಬರೆಯಿರಿ.

ದಿನಕ್ಕೊಂದು ಹಾಕಿ ಅಂದಿದ್ದೆ. ಅದು ನನ್ನ ತಪ್ಪು. ಮನೆಗೆಲಸದ ನಡುವೆ ಜಾಸ್ತಿಯಾಯಿತು, ಮೊದಲ ವಾರ ಒಂದೂ ಆಗಲಿಲ್ಲ. ವಾರಕ್ಕೆ ಎರಡು ಸಾಕು ಎಂದ ಮೇಲೆ ಕೈ ಓಡಿತು.

ಮೊದಲ ತುಂಡಿನಲ್ಲಿ ತೆನೆಯ ಕಾಳುಗಳನ್ನು ಮೆಂತ್ಯದ ಹೊಲಿಗೆಯಲ್ಲಿ, ಅಂದರೆ ಅಡ್ಡಡ್ಡ ದಾಟುವ ಕತ್ತರಿ ಹೊಲಿಗೆಯಲ್ಲಿ, ತುಂಬಿದ್ದರು. ಮುಂದೆ ಕಾಳು ದಪ್ಪಗೆ ಕೂತಿತ್ತು. ತಿರುಗಿಸಿದರೆ ಹಿಂದೆ ಬೇರೆಯೇ ಕಾಣುತ್ತಿತ್ತು. "ಸೆರಗಿಗೆ ಇದು ಬರಂಗಿಲ್ರಿ, ಹಿಂದಿಂದೂ ಕಾಣ್ತದಲ್ಲ" ಎಂದು ತಾವೇ ಹೇಳಿದರು. ಎರಡನೆಯದರಲ್ಲಿ ಬರೀ ಗವಂತಿ ಹೊಲಿಗೆ. ಸೂಜಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದಲ್ಲ, ಹಾಗೆ. ಹಿಂದೆ ಮುಂದೆ ಒಂದೇ ಥರ ಬಂತು. ಆದರೆ ಕಾಳಿನ ಭಾರ ಹೋಯಿತು.

ಇಬ್ಬರಿಗೆ ತೋರಿಸಿ ಎಂದೆ. ಹೇಗಿದೆ ಅಂತ ಕೇಳಬೇಡಿ, ಏನು ಕಾಣುತ್ತದೆ ಅಂತ ಕೇಳಿ. ಹೇಗಿದೆ ಅಂದರೆ ನಮ್ಮ ಜನ ಮನಸ್ಸು ನೋಯಬಾರದೆಂದು ಚೆಂದ ಅಂತಲೇ ಹೇಳುತ್ತಾರೆ, ಅಲ್ವಾ? ಪಕ್ಕದ ಮನೆಯ ಅಜ್ಜಿ ನೋಡಿ "ದೀಪದ ಕಂಬ ಏನವಾ?" ಅಂದರಂತೆ. ಆ ದಿನ ಅಳು ಬಂತು ಎಂದರು. ಅದರ ಬಗ್ಗೆ ತುಂಬಾ ಹೊತ್ತು ಮಾತಾಡಿದೆವು. ಅಜ್ಜಿ ದಂಟು ನೋಡಿದ್ದಾರೆ, ತೆನೆ ನೋಡಿಲ್ಲ. ಹಾಗಾದರೆ ಎಲೆ ಇಲ್ಲದ್ದೇ ಕಾರಣವಾ? ಮುಂದಿನ ತುಂಡಿಗೆ ಅದೇ ಪ್ರಶ್ನೆಯಾಯಿತು. ಎರಡು ಬಾಗಿದ ಎಲೆ ಸೇರಿಸಿ ಅದೇ ಅಜ್ಜಿಗೆ ತೋರಿಸಿದರು. "ಬಿಳಿಜೋಳ" ಎಂದರಂತೆ ಅಜ್ಜಿ.

ಕಳೆದ ಸಲ ಬಂದಾಗ ಹನ್ನೊಂದು ತುಂಡುಗಳನ್ನು ಒಂದೇ ದಾರಕ್ಕೆ ಪೋಣಿಸಿ ತಂದಿದ್ದರು. ದೀಪದ ಕಂಬವೂ ಅದರಲ್ಲಿತ್ತು. ಬಂಗಾರ ಮನೆಯಲ್ಲೇ ಇದೆ. ಹೋಗುವಾಗ ಬಾಗಿಲಲ್ಲಿ ನಿಂತು, "ಚಂದ್ರಕಾಳಿ ಸೀರಿ ಕಪ್ಪು ಇರ್ತದಲ್ರಿ. ಮುಂದಿನ ವಾರ ಕಪ್ಪು ಬಟ್ಟಿ ತುಂಡಿನ ಮ್ಯಾಲೆ ಹಾಕಿ ನೋಡ್ತೀನಿ" ಎಂದರು.