ನಿಮ್ಮ ಬೇಸ್‌ಬಾಲ್ ಲೇಖನವನ್ನು ಹಿಂತಿರುಗಿಸುತ್ತಿದ್ದೇನೆ

ನಮಸ್ಕಾರ.

ಷಿಕಾಗೊ ವೈಟ್ ಸಾಕ್ಸ್ ತಂಡದ ಪಿಚರ್ (ಚೆಂಡೆಸೆಯುವ ಆಟಗಾರ) ಬಾಬಿ ಥಿಗ್ಪೆನ್ 1990ರಲ್ಲಿ 57 ಸೇವ್ ಗಳಿಸಿ ದಾಖಲೆ ಬರೆದ ಕುರಿತ ನಿಮ್ಮ ಲೇಖನ ತಲುಪಿದೆ. ಈ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಭಾಷೆ ಸರಾಗವಾಗಿದೆ, ವಿಷಯವೂ ಹೊಸದು. ಆದರೆ ನೀವು 57 ಎಂಬ ಅಂಕಿಗೆ ಕೈಮುಗಿದು ಅಲ್ಲಿಯೇ ನಿಂತುಬಿಟ್ಟಿದ್ದೀರಿ.

ಮೊದಲ ಎರಡು ಪುಟ ಓದಿದರೂ ಸೇವ್ ಎಂದರೇನೆಂದು ತಿಳಿಯುವುದಿಲ್ಲ. ‘ಆಪದ್ಬಾಂಧವ’, ‘ಎದುರಾಳಿಗಳ ಸಿಂಹಸ್ವಪ್ನ’ ಎಂಬ ಬಿರುದುಗಳಷ್ಟೇ ಸಿಗುತ್ತವೆ. ಅವನ್ನೆಲ್ಲ ತೆಗೆದು ನಿಯಮವನ್ನು ಮುಂದಕ್ಕೆ ತನ್ನಿ. ಗೆದ್ದ ತಂಡದ ಪರವಾಗಿ ಕೊನೆಯಲ್ಲಿ ಎಸೆದ ಪಿಚರ್‌ಗೆ ಸೇವ್ ಸಲ್ಲುತ್ತದೆ, ಆದರೆ ಆ ಗೆಲುವು (ಪ್ರತಿ ಗೆಲುವನ್ನೂ ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ) ಅವರದೇ ಲೆಕ್ಕಕ್ಕೆ ಹೋಗಿರಬಾರದು. ಸಾಮಾನ್ಯವಾಗಿ ಮುನ್ನಡೆ ಮೂರು ರನ್‌ಗಳಿಗಿಂತ ಹೆಚ್ಚಿಲ್ಲದಾಗ ಬಂದು, ಕನಿಷ್ಠ ಒಂದು ಇನಿಂಗ್ಸ್ ಎಸೆದು ಪಂದ್ಯ ಮುಗಿಸಬೇಕು. 1969ರಲ್ಲಿ ಅಧಿಕೃತವಾದ ಈ ಲೆಕ್ಕವನ್ನು ಅದಕ್ಕೂ ಮೊದಲೇ ರೂಪಿಸಿದವರು ಜೆರೋಮ್ ಹೋಲ್ಟ್ಜ್‌ಮನ್, ಷಿಕಾಗೊದ ಕ್ರೀಡಾ ಪತ್ರಕರ್ತರು. ಲೆಕ್ಕ ಹುಟ್ಟಿದ್ದೂ ದಾಖಲೆ ನಿರ್ಮಾಣವಾದದ್ದೂ ಒಂದೇ ಊರಿನಲ್ಲಿ. ಇಂಥದ್ದು ನಿಮ್ಮ ಕಣ್ಣಿಗೆ ಬೀಳಬೇಕಿತ್ತು.

ನಿಯಮ ಗೊತ್ತಾದೊಡನೆ ಓದುಗರು ಕೇಳುವ ಪ್ರಶ್ನೆ: ಅವಕಾಶ ಎಷ್ಟು ಸಿಕ್ಕಿತ್ತು? ತಂಡ ಆರು ರನ್ ಮುಂದಿದ್ದಾಗ ಕೊನೆಯದಾದ ಒಂಬತ್ತನೆಯ ಇನಿಂಗ್ಸ್ ಎಷ್ಟು ಚೆನ್ನಾಗಿ ಎಸೆದರೂ ಸೇವ್ ಇಲ್ಲ. ತಂಡ ಹಿಂದಿದ್ದರಂತೂ ಮಾತೇ ಇಲ್ಲ. ಥಿಗ್ಪೆನ್ ಅವರಿಗೆ ಆ ವರ್ಷ ದೊರೆತದ್ದು 65 ಅವಕಾಶ, ಎಂಟು ಕೈತಪ್ಪಿದವು. ಆ ಎಂಟರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಎಂಟನೆಯ ಇನಿಂಗ್ಸ್‌ವರೆಗೆ ಮುನ್ನಡೆ ಕಾದು ಅವರ ಕೈಗಿಡುತ್ತಿದ್ದ ಬ್ಯಾರಿ ಜೋನ್ಸ್ ಕೂಡ ಇಲ್ಲ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಡೆನಿಸ್ ಎಕರ್ಸ್ಲಿ ಅವರ ಹೆಸರು ಕಾಣದಾಗ. ಅದೇ ವರ್ಷ, ಅದೇ ವಿಭಾಗದ ಓಕ್ಲ್ಯಾಂಡ್ ತಂಡಕ್ಕೆ ಅವರು 50 ಅವಕಾಶಗಳಲ್ಲಿ 48 ಸೇವ್ ಗಳಿಸಿದರು. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್‌ಗಳನ್ನು ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ ಥಿಗ್ಪೆನ್ ಅವರದು 1.83, ಎಕರ್ಸ್ಲಿ ಅವರದು 0.61. 73 ಇನಿಂಗ್ಸ್‌ಗೂ ಮಿಕ್ಕಿ ಎಸೆದು ಅವರು ಬ್ಯಾಟರ್‌ಗಳಿಗೆ ಕೊಟ್ಟ ವಾಕ್ (ನಾಲ್ಕು ಗುರಿ ತಪ್ಪಿದ ಎಸೆತಗಳಿಂದ ಪುಕ್ಕಟೆ ಸಿಗುವ ಮೊದಲ ಬೇಸ್) ಕೇವಲ ನಾಲ್ಕು! ಹಿಂದಿನ ದಾಖಲೆ 1986ರಲ್ಲಿ ಡೇವ್ ರಿಗೆಟ್ಟಿ ಗಳಿಸಿದ 46. ಎಂದರೆ ಇಬ್ಬರೂ ಒಂದೇ ಋತುವಿನಲ್ಲಿ ಅದನ್ನು ದಾಟಿದರು, ದಾಖಲೆ ಉಳಿದದ್ದು ಒಬ್ಬರ ಹೆಸರಿನಲ್ಲಿ. ನಿಮ್ಮ ಕಥೆ ಇರುವುದು ಇಲ್ಲಿ. ಹೆಚ್ಚು ಗಳಿಸಿದವರು ಒಬ್ಬರು, ಚೆನ್ನಾಗಿ ಎಸೆದವರು ಇನ್ನೊಬ್ಬರು ಎಂದು ನಾನಂತೂ ಹೇಳುತ್ತೇನೆ. ನೀವು ಒಪ್ಪದಿದ್ದರೆ ವಾದಿಸಿ ಬರೆಯಿರಿ, ಸಂತೋಷದಿಂದ ಓದುತ್ತೇನೆ.

ಬೂಮ್ರಾ ಅವರ ಕೊನೆಯ ಓವರಿನ ಹೋಲಿಕೆ ಬೇಡ. ಬೂಮ್ರಾ ಹೊಸ ಚೆಂಡಿನಲ್ಲಿ ಎಸೆದು, ಮೈದಾನದಲ್ಲಿ ನಿಂತು, ಮತ್ತೆ ಬಂದು ಎಸೆಯುತ್ತಾರೆ. ಬೇಸ್‌ಬಾಲ್‌ನಲ್ಲಿ ಬದಲಾಗಿ ಹೊರಗೆ ಹೋದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ. ಹಾಗಾಗಿಯೇ ಯಾರನ್ನು ಯಾವಾಗ ಇಳಿಸಬೇಕೆಂಬುದು ಅಲ್ಲಿ ಅಷ್ಟು ದೊಡ್ಡ ನಿರ್ಧಾರ.

‘ತಂಡವನ್ನು ದಡ ಸೇರಿಸಿದರು’ ಎಂದು ಮುಗಿಸಿದ್ದೀರಿ. ಯಾವ ದಡ? ವೈಟ್ ಸಾಕ್ಸ್ 94 ಪಂದ್ಯ ಗೆದ್ದರೂ 103 ಗೆದ್ದ ಓಕ್ಲ್ಯಾಂಡ್‌ನ ಹಿಂದುಳಿದು ಮನೆಗೆ ಹೋಯಿತು. ಆಗ ಪ್ರತಿ ವಿಭಾಗದಿಂದ ಒಂದೇ ತಂಡ ಮುಂದಕ್ಕೆ ಹೋಗುತ್ತಿತ್ತು. 91 ಗೆದ್ದ ಸಿನ್ಸಿನಾಟಿ ರೆಡ್ಸ್ ಪ್ರಶಸ್ತಿಯ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಓಕ್ಲ್ಯಾಂಡನ್ನು 4–0ರಿಂದ ಸೋಲಿಸಿತು. ಎರಡನೆಯ ಪಂದ್ಯ ಹತ್ತನೆಯ ಇನಿಂಗ್ಸ್‌ಗೆ ಹೋದಾಗ ಸೋತ ಪಿಚರ್ ಎಕರ್ಸ್ಲಿ ಅವರೇ.

ಥಿಗ್ಪೆನ್ ಅವರ ದಾಖಲೆ 2008ರಲ್ಲಿ ಫ್ರಾನ್ಸಿಸ್ಕೊ ರೊಡ್ರಿಗಸ್ 62 ಸೇವ್ ಗಳಿಸುವವರೆಗೂ ಉಳಿಯಿತು. ಅದಕ್ಕೆ ಒಂದು ವಾಕ್ಯ ಸಾಕು, ನೀವು ಒಂದು ಪುಟ ಕೊಟ್ಟಿದ್ದೀರಿ. ಆ ಜಾಗವನ್ನು ಕೈತಪ್ಪಿದ ಎಂಟಕ್ಕೆ ಕೊಟ್ಟು, ಒಟ್ಟು ಉದ್ದವನ್ನು ಅರ್ಧಕ್ಕಿಳಿಸಿ ಕಳುಹಿಸಿದರೆ ಮತ್ತೆ ನೋಡುತ್ತೇನೆ.

— ಸಂಪಾದಕ